ಮಸಿ ಕುಡಿದ ಬಯೋಡಾಟಾ

ಹೊಲಿಗೆ ಮಶೀನು ಬಿಚ್ಚಿ, ಎಣ್ಣೆ ಹಾಕಿ, ಒಂದೂ ಸ್ಕ್ರೂ ಉಳಿಸದೆ ಮತ್ತೆ ಜೋಡಿಸಬಲ್ಲ ಹೆಣ್ಣುಮಗಳಿಗೆ ಪ್ರಿಂಟರ್ ರಿಪೇರಿ ಯಾವ ದೊಡ್ಡ ಮಾತು? ಎರಡಕ್ಕೂ ಸೂಜಿ ಇರುತ್ತದೆ. ಎರಡೂ ಟಕಟಕ ಅನ್ನುತ್ತವೆ. ಒಂದು ಬಟ್ಟೆಗೆ ಚುಚ್ಚುತ್ತದೆ, ಇನ್ನೊಂದು ಕಾಗದಕ್ಕೆ. ಇಷ್ಟೇ ವ್ಯತ್ಯಾಸ ಎಂದು ನಾನು ತಿಳಿದಿದ್ದೆ. ಈ ತಿಳಿವಳಿಕೆಯ ಬಲದ ಮೇಲೆ ನಾನು ಕೈಗೊಂಡ ರಿಪೇರಿಯಿಂದ ಒಂದು ಪ್ರಿಂಟರ್, ಒಂದು ಸಂಬಂಧ ಮತ್ತು ನಮ್ಮಪ್ಪನ ಒಂದು ಮಧ್ಯಾಹ್ನ ಹಾಳಾದವು. ಪ್ರಿಂಟರ್ ಮಾತ್ರ ಆಮೇಲೆ ಸರಿಹೋಯಿತು.

ತೊಂಬತ್ತರ ದಶಕದ ನಡುವಿನ ಮಾತು. ಆಳಂದದ ಒಂದು ದಾಲ್ ಮಿಲ್ಲಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಊರಲ್ಲಿ ಕಂಪ್ಯೂಟರ್ ಮುಟ್ಟಿದ ಹುಡುಗಿಯರು ಬಹಳ ಇರಲಿಲ್ಲ. ಮಿಲ್ಲಿಗೆ ಬಂದ ರೈತರು ಬಾಗಿಲಲ್ಲಿ ನಿಂತು, ಸರ್ಕಸ್ಸಿನ ಆನೆ ನೋಡಿದ ಹಾಗೆ ನನ್ನನ್ನೂ ಕಂಪ್ಯೂಟರನ್ನೂ ನೋಡಿ ಹೋಗುತ್ತಿದ್ದರು. ಇಬ್ಬರಲ್ಲಿ ಆನೆ ಯಾವುದು ಎಂದು ನಾನು ಕೇಳಲು ಹೋಗಲಿಲ್ಲ. ಒಟ್ಟಿನಲ್ಲಿ ನನಗೆ ನೌಕರಿ ಇತ್ತು, ಗರ್ವವಿತ್ತು. ವರ ಇರಲಿಲ್ಲ. ವಯಸ್ಸು ಇಪ್ಪತ್ತೆಂಟು. ಆ ಕಾಲಕ್ಕೆ ನಮ್ಮ ಕಡೆ ಇಪ್ಪತ್ತೆಂಟು ಅಂದರೆ ಹುಡುಗಿಯ ವಯಸ್ಸಲ್ಲ, ಹುಡುಗಿಗೆ ಬಂದ ಕಾಯಿಲೆ!

ನಮ್ಮಪ್ಪ ತಹಶೀಲ್ದಾರ್ ಕಚೇರಿಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ನನ್ನ ಬಯೋಡಾಟಾವನ್ನು ಅವನೇ ಕೈಯಾರೆ ಬರೆಯುತ್ತಿದ್ದ. ಅದನ್ನು ಹೊತ್ತು ತಿರುಗುತ್ತಿದ್ದವರು ಗುರಪ್ಪ ಕಾಕಾ, ಅಪ್ಪನ ದೂರದ ತಮ್ಮ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕಿನ ಕೆಂಪು ಬಸ್ಸುಗಳಲ್ಲಿ ಕೈಚೀಲ ಹಿಡಿದು ಓಡಾಡಿ ಸಂಬಂಧ ಕೂಡಿಸುವುದು ಅವರ ಕೆಲಸ. ಹೆಣ್ಣಿನವರ ಮನೆಯಲ್ಲಿ ಊಟ, ಗಂಡಿನವರ ಮನೆಯಲ್ಲಿ ನಾಷ್ಟಾ. ಹೋದಲ್ಲೆಲ್ಲ ನನ್ನ ಬಯೋಡಾಟಾ ಕೊಟ್ಟು, ಮರಳಿ ಬಂದು, ಒಂದೇ ಮಾತು ಹೇಳುತ್ತಿದ್ದರು:

"ಹುಡುಗಿ ಛಲೋ ಅದಾಳ ಅಂದ್ರು. ಆದ್ರ..."

ಆ "ಆದ್ರ" ಮುಂದೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಪ್ಪ ಹೆಗಲ ಮೇಲಿನ ಟವೆಲ್ ಝಾಡಿಸಿ ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಅವ್ವ ಘತ್ತರಗಿ ಭಾಗ್ಯವಂತಿಗೆ ಇನ್ನೊಂದು ಹರಕೆ ಸೇರಿಸುತ್ತಿದ್ದಳು.

ಒಂದು ದಿನ ನಾನು ಘೋಷಿಸಿದೆ: "ಇನ್ನ ಮ್ಯಾಲ ಕೈಲೇ ಬರಿಯೂದು ಬ್ಯಾಡ. ಕಂಪ್ಯೂಟರ್ ಬಯೋಡಾಟಾ ಮಾಡ್ತೇನಿ. ಕಂಪ್ಯೂಟರ್‌ನಾಗ ಬಂತಂದ್ರ ಮಂದಿಗಿ ಕಿಮ್ಮತ್ತು ಬರ್ತದ."

ಅವ್ವನಿಗೆ ಖುಷಿಯಾಯಿತು. "ಹಂಗಾರ ಅಪ್ಪನ ಕೆಲಸ ಬರಿಯೋ ಹತ್ರ ಬರೇ ತಹಶೀಲ್ ಆಫೀಸ್ ಅಂತ ಹೊಡದ್ ಬಿಡು ಬೇ. ಮುಂದಿಂದು ಬ್ಯಾಡ."

ಅಪ್ಪ ಟವೆಲ್ ಝಾಡಿಸಿದ. "ಆಫೀಸ್ ಏನ್ ನಂದೇನು? ಜವಾನ ಅಂತ ಬರಿ. ಸುಳ್ಳು ಹೇಳಿ ಕೊಟ್ಟ ಹೆಣ್ಣು ಸುಖಾ ಕಾಣಂಗಿಲ್ಲ."

ಸತ್ಯ ಹೇಳಿಯೂ ಕೊಡಲಾಗದ ಹೆಣ್ಣು ನಾನು ಎದುರಿಗೇ ನಿಂತಿದ್ದೆ. ಆದರೂ ಅವನು ಹೇಳಿದ ಹಾಗೆಯೇ ಟೈಪು ಮಾಡಿದೆ: "ತಂದೆ: ತಹಶೀಲ್ದಾರ್ ಕಚೇರಿಯಲ್ಲಿ ಜವಾನ, ನಿವೃತ್ತ."

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಸರಿ ಇಲ್ಲದ್ದು ಪ್ರಿಂಟರ್.

ನಮ್ಮ ಮಿಲ್ಲಿನ ಸಾವಕಾರರು ಸೊಲ್ಲಾಪುರದಲ್ಲಿ ಹಳೆಯದೊಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೊಂಡು ತಂದಿದ್ದರು. ಅದು ಅಕ್ಷರ ಬರೆಯುತ್ತಿರಲಿಲ್ಲ, ಅಕ್ಷರದ ಬಗ್ಗೆ ಸುಳಿವು ಕೊಡುತ್ತಿತ್ತು. ಮಿಲ್ಲಿನ ದಿವಾಣಜಿ ಕಿಶನರಾವ್ ಜೀವನವಿಡೀ ಕೈಯಲ್ಲೇ ಬಿಲ್ಲು ಬರೆದವರು. ಮಶೀನು ಬಂದ ದಿನದಿಂದ ಅದರ ಸಾವಿಗೆ ಕಾಯುತ್ತಿದ್ದರು. ಅಂದು ಒಂದು ಬಿಲ್ಲು ಹಿಡಿದು ನನ್ನ ಟೇಬಲ್ಲಿಗೆ ಬಂದರು.

"ಜಗದೇವಿಬಾಯಿ, ನಾವು ಮಾರೂದು ತೊಗರಿಯೋ, ತೊಗಲೋ?"

"ತೊಗರಿರೀ."

"ಸಿಂದಗಿ ವ್ಯಾಪಾರಿ ಫೋನ್ ಮಾಡಿದ್ದ. ತೊಗಲು ನಮಗ ಬ್ಯಾಡ, ವಾಪಸ್ ಒಯ್ರಿ ಅಂತಾನ!"

ಸಾವಕಾರರು ಒಳಗಿನಿಂದಲೇ ಕೂಗಿದರು: "ಬರೂ ವಾರ ಸೊಲ್ಲಾಪುರಕ್ಕ ಹೋಗ್ತೇನಿ, ಹೊಸಾ ರಿಬ್ಬನ್ ತರ್ತೇನಿ. ಅಲ್ಲೀ ತನಕ ಯಾರೂ ಅದನ್ನ ಮುಟ್ಟಬ್ಯಾಡ್ರಿ."

ಎಷ್ಟು ಸರಳವಾದ ಮಾತು! ಮುಟ್ಟಬ್ಯಾಡ್ರಿ. ಆದರೆ ಗುರಪ್ಪ ಕಾಕಾ ಮರುದಿನ ಬೆಳಿಗ್ಗೆ ಜೇವರ್ಗಿ ಬಸ್ಸು ಹತ್ತುವವರಿದ್ದರು. ಅಲ್ಲಿ ಹೊಲ, ಮನೆ ಇದ್ದ ಒಂದು ದೊಡ್ಡ ಮನೆತನ, ಹುಡುಗ ಡಿಗ್ರಿ ಓದಿದವನು. ಒಂದು ವಾರ ತಡೆದರೆ ಆ ಹುಡುಗನನ್ನು ಬೇರೆ ಯಾರೋ ಹೊಡೆದುಕೊಂಡು ಹೋಗುತ್ತಾರೆ ಎಂದು ನನ್ನ ಮನಸ್ಸು ಹೇಳಿತು. ಇಪ್ಪತ್ತೆಂಟು ವರ್ಷ ತಡೆದವಳಿಗೆ ಒಂದು ವಾರ ತಡೆಯಲಾಗಲಿಲ್ಲ!

ಸಾವಕಾರರು ಊಟಕ್ಕೆ ಮನೆಗೆ ಹೋದ ಕೂಡಲೇ ಕಾರ್ಯಾಚರಣೆ ಆರಂಭವಾಯಿತು.

ಪ್ರಿಂಟರಿನ ರಿಬ್ಬನ್ ಅಂದರೆ ಮಸಿ ಹೀರಿದ ಬಟ್ಟೆಯ ಪಟ್ಟಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಮಡಚಿಕೊಂಡು ಕೂತಿರುತ್ತದೆ. ಮಸಿ ಒಣಗಿದೆ, ಮಸಿ ಹಾಕಿದರಾಯಿತು ಎಂದು ಡಬ್ಬಿಯ ಮುಚ್ಚಳ ಎಬ್ಬಿಸಿದೆ. ಅದು ಅದೇ ಕ್ಷಣಕ್ಕೆ ಕಾದಿತ್ತೇನೋ! ಮಾರುಗಟ್ಟಲೆ ರಿಬ್ಬನ್ ಪುಸಕ್ಕನೆ ಹೊರಗೆ ಹಾರಿ ನನ್ನ ತೊಡೆಯ ಮೇಲೆ, ಟೇಬಲ್ಲಿನ ಮೇಲೆ, ನೆಲದ ಮೇಲೆ ಕರುಳಿನ ಹಾಗೆ ಹರಡಿಕೊಂಡಿತು.

ದಿವಾಣಜಿ ಕನ್ನಡಕದ ಮೇಲಿಂದ ನೋಡಿದರು. "ಏನ್ ಬಾಯಿ, ಹೆರಿಗಿ ಮಾಡಿಸಾಕತ್ತೀರಿ?"

ಅವರದೇ ಟೇಬಲ್ಲಿನ ಸ್ಟಾಂಪ್ ಪ್ಯಾಡಿನ ನೇರಳೆ ಮಸಿಯ ಬಾಟಲಿ ತೆಗೆದುಕೊಂಡೆ. ಗಟ್ಟಿಯಾಗಿತ್ತು. ತೆಳುವಾಗಲಿ ಎಂದು ಕೊಬ್ಬರಿ ಎಣ್ಣೆ ಬೆರೆಸಿದೆ. ಕೂದಲಿಗೆ ಒಳ್ಳೆಯದಾದದ್ದು ರಿಬ್ಬನ್ನಿಗೆ ಕೆಟ್ಟದಾದೀತೇ? ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉದ್ದಕ್ಕೂ ಬಳಿದು, ತುರುಕಿ, ಮುಚ್ಚಿ, ಪ್ರಿಂಟ್ ಕೊಟ್ಟೆ.

ಅಕ್ಷರಗಳಿಗೆ ಮೈ ಬಂದಿತ್ತು. ಸೊನ್ನೆಗಳು ಹೊಟ್ಟೆ ತುಂಬ ಉಂಡು ಕೂತಿದ್ದವು. ಒತ್ತಕ್ಷರಗಳು ಮೇಲಿನ ಅಕ್ಷರದ ಉಡಿಯೊಳಗೆ ಸೇರಿ ಮಲಗಿದ್ದವು. ಮೊದಲು ತೆಳ್ಳಗಿನ ಮಸುಕು ಇತ್ತು. ಈಗ ದಪ್ಪನೆಯ ಮಸುಕು!

ತಲೆಯಲ್ಲಿ ಮಸಿ ಸಿಕ್ಕಿಕೊಂಡಿರಬೇಕು ಎಂದು ತೀರ್ಮಾನಿಸಿದೆ. ಪ್ರಿಂಟರಿನ ತಲೆಯಲ್ಲಿ ಅಂತ ಅರ್ಥ. ಅದರೊಳಗೆ ಸಣ್ಣ ಸೂಜಿಗಳಿರುತ್ತವೆ, ಅವೇ ಚುಕ್ಕೆ ಚುಕ್ಕೆಯಾಗಿ ಅಕ್ಷರ ಹೊಡೆಯುವುದು. ಪಕ್ಕದ ದವಾಖಾನೆಯ ಕಂಪೌಂಡರನಿಂದ ಸ್ಪಿರಿಟ್ ತಂದು, ಹತ್ತಿ ಅದ್ದಿ, ಎರಡು ಬೆರಳಿನಿಂದ ಆ ತಲೆಯನ್ನು ಗಟ್ಟಿಯಾಗಿ ಹಿಡಿದೆ. ಬೆಳಗಿನಿಂದ ಬಿಲ್ಲು ಹೊಡೆದು ಅದು ಕಾದ ಹಂಚಾಗಿತ್ತು. ಹೊಲಿಗೆ ಮಶೀನಿಗೆ ಈ ಗುಣ ಇಲ್ಲ. ನಾನು ಕಿರುಚಿದ್ದಕ್ಕೆ ಹೊರಗೆ ಚೀಲ ಹೊರುತ್ತಿದ್ದ ಹಮಾಲರು ಚೀಲ ಕೆಳಗಿಟ್ಟರು.

"ಇನ್ನ ಬಿಡ್ರಿ ಬಾಯಿ," ಅಂದರು ದಿವಾಣಜಿ. ನನ್ನ ಮೇಲಿನ ಕರುಣೆಗೋ, ಪ್ರಿಂಟರಿನ ಮೇಲಿನ ಕರುಣೆಗೋ ಗೊತ್ತಾಗಲಿಲ್ಲ.

ಬಿಡುವುದುಂಟೆ? ಪ್ರಿಂಟರಿನ ಪಕ್ಕದಲ್ಲಿ ಒಂದು ಸಣ್ಣ ಹಿಡಿ ಕಂಡಿತು. ಕಾಗದ ದಪ್ಪವಿದ್ದರೆ ತಲೆಯನ್ನು ಹಿಂದೆ ಸರಿಸಲು, ತೆಳುವಿದ್ದರೆ ಮುಂದೆ ತರಲು ಇರುವಂಥದ್ದು. ಹತ್ತಿರ ಬಂದಷ್ಟೂ ಅಕ್ಷರ ಸ್ಪಷ್ಟ ಎಂಬ ತರ್ಕದಿಂದ ಅದನ್ನು ಕಡೆಯತನಕ ಎಳೆದುಬಿಟ್ಟೆ. ಈಗ ಸೂಜಿಗಳು ಕಾಗದವನ್ನೇ ತೂತು ಮಾಡತೊಡಗಿದವು. ಬೆಳಕಿಗೆ ಹಿಡಿದರೆ ನನ್ನ ಹೆಸರು ಜರಡಿಯ ಹಾಗೆ ಹೊಳೆಯಿತು. ರಿಬ್ಬನ್ನೂ ಅಲ್ಲಲ್ಲಿ ಹರಿಯಿತು. ಹಿಡಿಯನ್ನು ಹಿಂದಕ್ಕೆ ತಳ್ಳಿದೆ. ತಲೆ ಓಡಾಡುವ ಸರಳು ಬಿಗಿಯಾಯಿತು ಅನಿಸಿ ಹೊಲಿಗೆ ಮಶೀನಿನ ಎಣ್ಣೆ ಬಿಟ್ಟೆ. ಎಣ್ಣೆ ಸರಳಿನಿಂದ ರೋಲರಿಗೆ ಇಳಿಯಿತು. ರೋಲರಿನಲ್ಲಿ ಕಾಗದ ಜಾರಿತು. ನನ್ನ ಬಯೋಡಾಟಾದ ಸಾಲುಗಳು ಗುಡ್ಡ ಹತ್ತಲು ಶುರುಮಾಡಿದವು.

ಕಾಗದ ಹಾಳಾದದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಒಂದು ಪ್ರತಿ ಬಂತು. ಕೈ ಉದ್ದ ಚಾಚಿ, ಕಣ್ಣು ಅರ್ಧ ಮುಚ್ಚಿ, ಏನು ಬರೆದಿದೆ ಎಂದು ಮೊದಲೇ ಗೊತ್ತಿದ್ದರೆ ಓದಬಹುದಾಗಿತ್ತು. ನನಗೆ ಗೊತ್ತಿತ್ತು. ಆದ್ದರಿಂದ ಓದಿದೆ. ಚೆನ್ನಾಗಿಯೇ ಇದೆ ಅನಿಸಿತು.

ಮನೆಯಲ್ಲಿ ಅಪ್ಪನಿಗೆ ತೋರಿಸಿದೆ. ಅವನು ದೂರ ಹಿಡಿದ, ಹತ್ತಿರ ಹಿಡಿದ. "ಭಾಳ ಛಂದ ಬಂದದ!" ಎಂದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಜಗತ್ತಿನಲ್ಲಿ ಎಲ್ಲವೂ ಅವನಿಗೆ ಹಾಗೇ ಕಾಣುತ್ತಿತ್ತು.

ಕಾಕಾ ಮುಂಜಾನೆ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅದರ ನಾಲ್ಕಾರು ಪ್ರತಿ ತೆಗೆಸಿಕೊಂಡು ಹೋದರು. ಮೂಲ ಪ್ರತಿಯಲ್ಲಿ ನೇರಳೆ ಮಸಿ ಕುಡಿದ ಕಡೆ ಅಕ್ಷರಗಳು ಕಷ್ಟಪಟ್ಟಾದರೂ ಕಾಣುತ್ತಿದ್ದವು. ಜೆರಾಕ್ಸಿನಲ್ಲಿ ಅವೆಲ್ಲ ಕಪ್ಪನೆಯ ಕಲೆಗಳಾಗಿದ್ದವು. ಅದನ್ನು ನಾನು ನೋಡಿರಲಿಲ್ಲ.

ಆ ವಾರವೇ ಕಾಕಾ ಓಡೋಡಿ ಬಂದರು. ಈ ಸಲ "ಆದ್ರ" ಇರಲಿಲ್ಲ!

"ಓದಿದ ಕೂಡಲೇ ಹೂಂ ಅಂದ್ರು! ಹುಡುಗನ ಸ್ವಾದರಮಾವ ಅಂತೂ ಇಂಥಾ ಮನೆತನ ಬಿಡಬಾರದು ಅಂದ. ಐತವಾರ ಕನ್ಯಾ ನೋಡಾಕ ಬರ್ತಾರ."

"ಇಂಥಾ ಮನೆತನ" ಎಂಬ ಮಾತಿಗೆ ನಾವು ಯಾರೂ ಬೆಚ್ಚಲಿಲ್ಲ. ನಮ್ಮದೂ ಒಂದು ಮನೆತನ ಎಂದು ಯಾರಾದರೂ ಅಂದರೆ ಯಾಕೆ ಎಂದು ಕೇಳಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ರವಿವಾರ ಗುರಪ್ಪ ಕಾಕಾರ ಜೊತೆ ಒಂದು ಜೀಪು ತುಂಬ ಜನ ಬಂದರು. ಜೀಪಿನೊಳಗೆ ಅಷ್ಟು ಜನ ಹೇಗೆ ಹಿಡಿಸಿದ್ದರೋ, ಇಳಿಯುತ್ತಲೇ ಇದ್ದರು. ಅಪ್ಪ ಇಸ್ತ್ರಿ ಅಂಗಿ ಹಾಕಿ, ವಿಭೂತಿ ಹಚ್ಚಿ ಬಾಗಿಲಲ್ಲಿ ನಿಂತಿದ್ದ. ಹುಡುಗನ ತಂದೆ, ತಲೆಗೆ ದೊಡ್ಡ ಪಟಗಾ ಸುತ್ತಿದ ಗೌಡರು, ಎರಡೂ ಕೈ ಜೋಡಿಸಿದರು.

"ಶರಣಾರ್ಥಿ ಸಾಹೇಬ್ರ!"

ಅಪ್ಪ ತಿರುಗಿ ಹಿಂದೆ ನೋಡಿದ. ಯಾವ ಸಾಹೇಬರು ಬಂದರು ಅಂತ. ಹಿಂದೆ ಯಾರೂ ಇರಲಿಲ್ಲ, ಅವ್ವ ಇದ್ದಳು.

ಒಳಗೆ ಅಪ್ಪ ಚಾಪೆಯ ಮೇಲೆ ಕೂರಲು ಹೋದರೆ ಹುಡುಗನ ಸ್ವಾದರಮಾವ ಬಿಡಲಿಲ್ಲ. "ಛೇ ಛೇ, ನೀವು ಖುರ್ಚಿ ಮ್ಯಾಲೇ ಕುಂದರಬೇಕ್ರಿ ಸಾಹೇಬ್ರ," ಎಂದು ತಾವೇ ಎದ್ದು ಕುರ್ಚಿ ಕೊಟ್ಟರು. ನಾನು ಅಡುಗೆಮನೆಯ ಪರದೆಯ ಸಂದಿಯಿಂದ ನೋಡುತ್ತಿದ್ದೆ. ಅಪ್ಪ ಮೊದಲು ಕುರ್ಚಿಯ ತುದಿಯಲ್ಲಿ ಕೂತ. ಆಮೇಲೆ ಸ್ವಲ್ಪ ಹಿಂದೆ ಸರಿದ. ಆಮೇಲೆ ಬೆನ್ನು ಆನಿಸಿದ. ನಮ್ಮಪ್ಪ ಬೆನ್ನು ಆನಿಸಿ ಕೂತದ್ದನ್ನು ನಾನು ಅವತ್ತೇ ನೋಡಿದ್ದು. ಚೆಂದ ಕಾಣುತ್ತಿದ್ದ.

"ಭಾಳ ದೊಡ್ಡ ಮಂದಿ, ಎಷ್ಟು ಮರ್ಯಾದಿ ಕೊಡ್ತಾರ ನೋಡು," ಎಂದು ಅವ್ವ ಕಣ್ಣು ಒರೆಸಿಕೊಂಡಳು.

ನನ್ನನ್ನು ಕರೆದರು. ಸುಟ್ಟ ಬೆರಳಿಗೆ ಬಟ್ಟೆ ಸುತ್ತಿತ್ತು, ಉಳಿದ ಬೆರಳಿಗೆ ಎಷ್ಟು ತಿಕ್ಕಿದರೂ ಹೋಗದ ನೇರಳೆ ಮಸಿ. ಆ ಕೈಯಿಂದಲೇ ಚಹಾ ಕೊಟ್ಟೆ. ಹುಡುಗನ ತಾಯಿ ನನ್ನ ಕೈ ನೋಡಿದರು, ಮುಖ ನೋಡಿದರು, ಅವ್ವನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಆಪರೇಷನ್ ಎಲ್ಲಿ ಮಾಡ್ಸೀರಿ? ಗುಲಬರ್ಗಾದಾಗೋ, ಸೊಲ್ಲಾಪುರದಾಗೋ?"

ಅವ್ವ ಬಾಯಿ ಬಿಟ್ಟಳು. "ಯಾರಿಗ್ರಿ ಆಪರೇಷನ್?"

"ಹುಡುಗಿಗಿ. ಕಂಪ್ಯೂಟರ್ ಆಪರೇಷನ್ ಆಗ್ಯದಂತ ಬರದೀರಲ್ರಿ! ನಾವೇನ್ ತಪ್ಪು ತಿಳಕೊಳಂಗಿಲ್ಲ. ಇಂಥಾ ಮನೆತನ, ಒಂದು ಆಪರೇಷನ್ ಏನ್ ಮಹಾ."

"ಆಪರೇಟರ್‌ರಿ," ಅಂದೆ ನಾನು. ಅವರು ನೋಡಲು ಬಂದ ಹುಡುಗಿಯೇ ಬಾಯಿ ಬಿಟ್ಟದ್ದಕ್ಕೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನಗು ಚೆನ್ನಾಗಿತ್ತು. ಇಷ್ಟರಲ್ಲೇ ಮುಗಿದಿದ್ದರೆ ಇದು ನಗೆಯ ಕತೆ ಆಗುತ್ತಿತ್ತು.

ಸ್ವಾದರಮಾವ ಉಪ್ಪಿಟ್ಟಿನ ತಾಟು ಕೈಗೆ ತಗೊಂಡು ಅಪ್ಪನ ಕಡೆ ಸರಿದರು. "ಸಾಹೇಬ್ರ, ಹೆಂಗೂ ಬೀಗರು ಆಗಾವ್ರು, ಒಂದು ಮಾತು ಕೇಳ್ತೇನಿ. ನಮ್ಮದೊಂದು ಜಮೀನಿಂದು ಖಾತಾ ಬದಲಾವಣಿ ಜೇವರ್ಗಿ ತಹಶೀಲ್‌ದಾಗ ಕುಂತದ. ನಿಮ್ಮ ಕೈ ಕೆಳಗ ಕೆಲಸ ಮಾಡಿದವರು ಯಾರರೇ ಅಲ್ಲಿ ಇದ್ರ, ಒಂದು ಮಾತು ಹೇಳ್ರಿ."

ಅಪ್ಪ ನಕ್ಕ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು.

"ನನ್ನ ಕೈ ಕೆಳಗ ಯಾರದಾರ್ರಿ? ಎಲ್ಲಾರೂ ನನ್ನ ಮ್ಯಾಲೇ ಇದ್ರು."

"ಹಂಗಂದ್ರ?"

"ಸಾಹೇಬ್ರ ಬಾಗಲದಾಗ ಸ್ಟೂಲ್ ಹಾಕ್ಕೊಂಡು ಕುಂದರ್ತಿದ್ದೆರಿ. ಬೆಲ್ ಹೊಡದ್ರ ಒಳಗ ಹೋಗ್ತಿದ್ದೆ. ನೀರು, ಚಹಾ, ಫೈಲು. ಜವಾನ ಅಂತ ಬರದದಲ್ರಿ."

ಸ್ವಾದರಮಾವನ ಚಮಚ ತಾಟಿನ ಮೇಲೇ ನಿಂತಿತು. ಗೌಡರು ಜೇಬಿನಿಂದ ಬಯೋಡಾಟಾ ತೆಗೆದು, ಮಡಿಕೆ ಬಿಡಿಸಿ, ಅಪ್ಪನ ಮುಂದೆ ಹಿಡಿದರು. "ಎಲ್ಲದ್ರಿ? ತಹಶೀಲ್ದಾರ್, ನಿವೃತ್ತ. ಇಷ್ಟೇ ಅದ."

ಅಪ್ಪ ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ. ಅವನಿಗೆ ಏನು ಕಾಣಬೇಕು! ನನ್ನ ಕಡೆ ನೋಡಿದ. ನಾನು ಹೋಗಿ ನೋಡಿದೆ. "ತಹಶೀಲ್ದಾರ್" ಇತ್ತು. "ನಿವೃತ್ತ" ಇತ್ತು. ನಡುವೆ "ಕಚೇರಿಯಲ್ಲಿ ಜವಾನ" ಇರಬೇಕಾದ ಕಡೆ ಒಂದು ಕಪ್ಪು ಕಲೆ, ತಣ್ಣಗೆ ಮಲಗಿತ್ತು.

ಆಗ ನಾನು ಮಾಡಿದ್ದನ್ನು ಯಾವ ವಧುವೂ ಮಾಡಿರಲಿಕ್ಕಿಲ್ಲ. ಗಂಡಿನವರ ನಡುವೆ ನಿಂತು ಪ್ರಿಂಟರಿನ ಬಗ್ಗೆ ಭಾಷಣ ಮಾಡಿದೆ. ರಿಬ್ಬನ್ ಒಣಗಿತ್ತು ಎಂದೆ. ಸ್ಟಾಂಪ್ ಪ್ಯಾಡಿನ ಮಸಿ ಹಾಕಿದೆ ಎಂದೆ. ಕೊಬ್ಬರಿ ಎಣ್ಣೆಯ ವಿಷಯ ಹೇಳಿದೆ. ಸೂಜಿ, ಹಿಡಿ, ರೋಲರು ಯಾವುದನ್ನೂ ಬಿಡಲಿಲ್ಲ. ಸಾಕ್ಷಿಗೆ ಸುಟ್ಟ ಬೆರಳನ್ನೂ ತೋರಿಸಿದೆ!

ಹುಡುಗನ ತಾಯಿ ಎಲ್ಲ ಕೇಳಿ, ಸೆರಗು ಸರಿಮಾಡಿಕೊಂಡು ಅಂದರು: "ಅಷ್ಟು ದೊಡ್ಡ ಹಾಳಿಯೊಳಗ ಮಸಿ ಬಂದು ಅದೇ ಎರಡು ಶಬ್ದದ ಮ್ಯಾಲೇ ಬಿತ್ತೇನು ಬೇ?"

ನಾನು ಸುಟ್ಟ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡೆ.

ಹುಡುಗ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ತಲೆ ಎತ್ತಿದ. ನಕ್ಕವನು ಇವನೇ ಅಲ್ಲವೇ?

"ಹೊಸಾ ರಿಬ್ಬನ್ ಹಾಕಿದ್ರ ಆಗ್ತಿತ್ತಲ್ರಿ?" ಎಂದ.

ಅಷ್ಟೇ. ಎದ್ದು ಹೋಗಿ ಜೀಪಿನಲ್ಲಿ ಕೂತ. ಅವನ ಹಿಂದೆ ಉಳಿದವರೂ ಹೋದರು. ಇಳಿಯುವಾಗ ಹಿಡಿದಷ್ಟು ಹೊತ್ತು ಹತ್ತುವಾಗ ಹಿಡಿಯಲಿಲ್ಲ. ಗೌಡರು ಅಪ್ಪನಿಗೆ ಕೈ ಮುಗಿಯಲಿಲ್ಲ, ಗುರಪ್ಪ ಕಾಕಾರಿಗೆ ಮಾತ್ರ ಬೈದರು. "ಜವಾನನ್ನ ಸಾಹೇಬ್ ಮಾಡಿ ತೋರಿಸ್ತೀ ಏನಲೇ?" ಎಂದದ್ದು ಓಣಿಗೆಲ್ಲ ಕೇಳಿಸಿತು. ಅವ್ವ ಮಾಡಿದ ಉಪ್ಪಿಟ್ಟು ತಾಟು ತಾಟಿನಲ್ಲಿ ಆರುತ್ತಿತ್ತು.

ಅಪ್ಪ ಇನ್ನೂ ಕುರ್ಚಿಯ ಮೇಲೇ ಇದ್ದ, ತುದಿಯಲ್ಲಿ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ತಿಳಿಯದಾಗ ಅದು ಹತ್ತಿರ ಇದ್ದವರ ಮೇಲೇ ಹೋಗುತ್ತದೆ.

"ಅವರು ಕೇಳಿದ್ದು ಖಾತಾದ ಮಾತು. ನೋಡೋಣು ಅಂದ್ರ ಆಗ್ತಿರಲಿಲ್ಲೇನು? ಸ್ಟೂಲ್, ನೀರು, ಚಹಾ ಎಲ್ಲಾ ಯಾಕ ಹೇಳಬೇಕಾಗಿತ್ತಪ್ಪಾ?"

ಅಪ್ಪ ನನ್ನನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅರ್ಧಾ ತಾಸು ಸಾಹೇಬ್ ಆಗಿದ್ದೆನಲ್ಲ," ಎಂದ. "ಯಾಕ ಸಾಹೇಬ್ರ ಅನ್ನಾಕತ್ತಾರ ಅಂತ ಕೇಳಬೇಕಾಗಿತ್ತು. ಕೇಳಲಿಲ್ಲ. ಛಲೋ ಅನ್ನಿಸ್ತು, ಸುಮ್ಮನ ಕುಂತೆ."

ಆಮೇಲೆ ಎದ್ದು ಇಸ್ತ್ರಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ನಾನು ತಾಟುಗಳನ್ನು ಒಳಗೆ ಒಯ್ದೆ. ಅವ್ವ ಉಪ್ಪಿಟ್ಟನ್ನೆಲ್ಲ ಒಂದು ಬೋಗುಣಿಗೆ ಸುರಿದು, ರಾತ್ರಿಗೂ ಅದನ್ನೇ ಬಡಿಸಿದಳು. ಮೂವರೂ ತಿಂದೆವು.

ಸುದ್ದಿಗೆ ಬಸ್ಸು ಬೇಕಾಗಲಿಲ್ಲ. ಆಳಂದದ ಒಂದು ಮನೆಯವರು ಕಂಪ್ಯೂಟರಿನಲ್ಲಿ ಮಸಿ ಬಳಿದು ಮೋಸ ಮಾಡುತ್ತಾರಂತೆ ಎಂದು ಅಫಜಲಪುರ, ಜೇವರ್ಗಿಯಲ್ಲಿ ಮಾತಾಯಿತು. ಗುರಪ್ಪ ಕಾಕಾ ಆರು ತಿಂಗಳು ನಮ್ಮ ಮನೆಯ ಕಡೆ ಹಾಯಲಿಲ್ಲ.

ಮಿಲ್ಲಿನಲ್ಲಿ ಸಾವಕಾರರು ಹೇಳಿದ ಮಾತಿನಂತೆ ಸೊಲ್ಲಾಪುರದಿಂದ ಹೊಸ ರಿಬ್ಬನ್ ತಂದರು. ಎಣ್ಣೆ ಒರೆಸಿ, ಹೊಸ ರಿಬ್ಬನ್ ಕೂಡಿಸಿ, ಹಿಡಿಯನ್ನು ಮೊದಲಿದ್ದ ಕಡೆ ಇಟ್ಟಾಗ ಅದು ಮುತ್ತು ಪೋಣಿಸಿದ ಹಾಗೆ ಅಕ್ಷರ ಹೊಡೆಯಿತು. ದಿವಾಣಜಿ ಕೂಡ ಬೇಸರದಿಂದ ಒಪ್ಪಿಕೊಂಡರು. ಸಾವಕಾರರು ನನಗೆ ಏನೂ ಅನ್ನಲಿಲ್ಲ, ರಿಬ್ಬನ್ನಿನ ದುಡ್ಡು ಮಾತ್ರ ನನ್ನ ಪಗಾರದಲ್ಲಿ ಹಿಡಿದರು.

ನಾನು ಮತ್ತೆ ಬಯೋಡಾಟಾ ಹೊಡೆದೆ. "ಜವಾನ" ಎಂಬುದು ಓಣಿಯ ಆ ತುದಿಯಿಂದಲೂ ಓದುವ ಹಾಗೆ ಬಂತು. ಸಿಟ್ಟು ಇಳಿಸಿಕೊಂಡ ಕಾಕಾ ಅದನ್ನು ಹಿಡಿದು ಮತ್ತೆ ಬಸ್ಸು ಹತ್ತಿದರು. ಮಸುಕು ಕಾಗದಕ್ಕೆ ಜೀಪು ತುಂಬ ಜನ ಬಂದಿದ್ದರು. ಸ್ವಚ್ಛ ಕಾಗದಕ್ಕೆ ಒಂದು ಸೈಕಲ್ಲೂ ಬರಲಿಲ್ಲ!

ಇಲ್ಲ, ಒಬ್ಬರು ಬಂದರು. ಅಫಜಲಪುರದಿಂದ ಒಬ್ಬ ವರನ ತಂದೆ ನನ್ನ ಬಯೋಡಾಟಾ ಕೈಯಲ್ಲಿ ಹಿಡಿದುಕೊಂಡು ನೇರ ಮಿಲ್ಲಿಗೇ ಬಂದರು. ನಾನು ಕೂದಲು ನೇವರಿಸಿಕೊಂಡು ಎದ್ದು ನಿಂತೆ. ದಿವಾಣಜಿ ಗಡಿಬಿಡಿಯಲ್ಲಿ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

"ಇದನ್ನ ಹೊಡದವರು ನೀವೇ ಏನವ್ವಾ?" ಎಂದರು ಅವರು. "ಏನ್ ಸ್ವಚ್ಛ ಬಂದಾವ ಅಕ್ಷರ! ನಮ್ಮ ಹುಡುಗಂದು ಒಂದು ಹಿಂಗೇ ಹೊಡದು ಕೊಡ್ತೀರೇನು? ಸರಸಂಬಾ ಕಡೆ ಒಂದು ಕನ್ಯಾ ಅದ, ಕಳಿಸಬೇಕು."

ಹೊಡೆದುಕೊಟ್ಟೆ. ಅವರು ಊರಲ್ಲಿ ಹೇಳಿದರು, ಆ ಊರು ಮುಂದಿನ ಊರಿಗೆ ಹೇಳಿತು. ಮುಂದೆ ವರ್ಷಗಟ್ಟಲೆ ಮೂರೂ ತಾಲೂಕಿನ ವರರು ಒಬ್ಬೊಬ್ಬರಾಗಿ ನನ್ನ ಕೈಯಿಂದಲೇ ಹಾದುಹೋದರು. ಎತ್ತರ, ಬಣ್ಣ, ಓದು, ಹೊಲ, ಎಲ್ಲ ಅಚ್ಚುಕಟ್ಟು. ಒಬ್ಬನ ಹೆಸರೂ ಮಸುಕಾಗಲಿಲ್ಲ!